ಚಲುವಮ್ಮ ಕಾಯ್ದ ಕರಡಿಗೆ

ಚಲುವಮ್ಮನನ್ನು ಕಳ್ಳಿ ಎಂದವರ ಬಾಯಿಗೆ ಹುಳ ಬೀಳಲಿ. ಶಾಪ ಹಾಕಿ ಬರವಣಿಗೆ ಶುರು ಮಾಡಬಾರದು ಎಂದು ಗೊತ್ತು. ಆದರೆ ಆ ಶಾಪದಲ್ಲಿ ನನ್ನ ಬಾಯಿಗೂ ಪಾಲಿದೆ, ಹಾಗಾಗಿ ಯಾರೂ ಮುನಿಸಿಕೊಳ್ಳಬೇಕಾಗಿಲ್ಲ.

ನಾನು ಮಲ್ಲಿಕಾರ್ಜುನ. ನಂಜನಗೂಡಿನ ತಾಲ್ಲೂಕು ಕಚೇರಿಯ ಎದುರು ಒಂದು ಮೇಜು, ಒಂದು ಹಳೇ ಕಂಪ್ಯೂಟರು ಇಟ್ಟುಕೊಂಡು ಅರ್ಜಿ, ಅಫಿಡವಿಟ್ಟು, ಕ್ರಯಪತ್ರ ಬರೆದುಕೊಡುತ್ತೇನೆ. ‘ಮೇಲ್ಕಂಡ ಸಂಗತಿಗಳೆಲ್ಲ ಸತ್ಯವೆಂದು ಪ್ರಮಾಣ ಮಾಡುತ್ತೇನೆ’ ಎಂಬ ಸಾಲನ್ನು ದಿನಕ್ಕೆ ಇಪ್ಪತ್ತು ಸಲವಾದರೂ ಟೈಪು ಮಾಡುತ್ತೇನೆ. ಸಂಜೆ ಆರಕ್ಕೆ ಅಂಗಡಿ ಎತ್ತಿ ಕುಡಿಯಲು ಹೋಗುತ್ತೇನೆ.

ಚಲುವಮ್ಮ ನಮ್ಮೂರಿನವಳೇ. ಬಿಳಿಗೆರೆಯಿಂದ ಆಚೆ ಎರಡು ಮೈಲಿ. ಒಂದೇ ಊರು ಎಂದರೆ, ನಮ್ಮ ಮನೆಗಳು ಊರ ಒಳಗೆ, ಅವಳದು ಊರ ಹೊರಗೆ. ನಡುವೆ ಒಂದು ಚರಂಡಿ, ಒಂದು ಟ್ರಾನ್ಸ್‌ಫಾರ್ಮರ್ರು. ಗಂಡ ಹುಚ್ಚಯ್ಯ ಫ್ಯಾಕ್ಟರಿಯೊಂದರಲ್ಲಿ ವಾಚ್‌ಮನ್ ಕೆಲಸ ಮಾಡುತ್ತಾನೆ. ಹತ್ತು ವರ್ಷದ ಹಿಂದೆ ಅವರ ಬೀದಿಯ ಏಳೆಂಟು ಮನೆಯವರ ಜೊತೆ ಬೌದ್ಧ ದೀಕ್ಷೆ ತೆಗೆದುಕೊಂಡವನು. ಒಂದು ತೊಟ್ಟು ಕುಡಿಯುವವನಲ್ಲ. ಅಂಥವನ ಹೆಂಡತಿ ಕುಡುಕರಿಗೆ ಮೊಟ್ಟೆ ಮಾರುತ್ತಾಳೆ. ಮಗಳು ಕೋಮಲ ನರ್ಸಿಂಗ್ ಓದಿ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದು ಆ ಮೊಟ್ಟೆಗಳಿಂದಲೇ. “ಕುಡ್ಯೋರು ಕುಡೀತಾರೆ, ನಾನ್ ಬ್ಯಾಡ ಅಂದ್ರೆ ನಿಲ್ಸಾರಾ? ಒಟ್ಟೆಗಾರೂ ವಸಿ ಓಗ್ಲಿ,” ಎನ್ನುತ್ತಾಳೆ.

ಮಧ್ಯಾಹ್ನ ಮೂರಕ್ಕೆ ನೂರಿಪ್ಪತ್ತು ಮೊಟ್ಟೆ ಬೇಯಿಸಿ, ಅಲ್ಯೂಮಿನಿಯಂ ಬೇಸಿನ್ನಿಗೆ ತುಂಬಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ನಾಲ್ಕೂವರೆಯ ಬಸ್ಸು ಹತ್ತುತ್ತಾಳೆ. ಮೊಟ್ಟೆಯನ್ನು ಚಾಕುವಿನಲ್ಲಿ ಕುಯ್ಯುವುದಿಲ್ಲ. ಹಲ್ಲಿನಲ್ಲಿ ದಾರದ ಒಂದು ತುದಿ ಕಚ್ಚಿಕೊಂಡು ಇನ್ನೊಂದು ತುದಿ ಎಳೆದರೆ ಎರಡು ಹೋಳು, ಹಳದಿ ಒಂದಿಷ್ಟೂ ಉದುರುವುದಿಲ್ಲ. ಉಪ್ಪು, ಮೆಣಸಿನಪುಡಿ, ಒಂದು ಚಿಟಿಕೆ ಈರುಳ್ಳಿ, ಕಾಗದದ ಚೂರಿನ ಮೇಲೆ ಇಟ್ಟು ಕೈಗೆ ಕೊಡುತ್ತಾಳೆ. ಅವಳ ನಾಲಿಗೆಗೆ ಹೆದರಿ ಯಾವ ಕುಡುಕನೂ ಅವಳ ಮುಂದೆ ಎಗರಾಡುವುದಿಲ್ಲ.

ಇನ್ನು ನಮ್ಮ ನಡಿಗೆಯ ವಿಚಾರ ಹೇಳಬೇಕು. ನಂಜನಗೂಡಿನಲ್ಲಿ ಮರ್ಯಾದಸ್ಥರೆನಿಸಿಕೊಂಡವರು ಒಂದೇ ಕಡೆ ಕೂತು ಕುಡಿಯುವುದಿಲ್ಲ. ಮೊದಲು ‘ಗಡಂಗು’. ಅದು ಹಿಂದೆ ಸಾರಾಯಿ ಅಂಗಡಿಯಾಗಿತ್ತು, ಸಾರಾಯಿ ನಿಂತ ಮೇಲೆ ವೈನ್ ಸ್ಟೋರ್ ಆಯಿತು, ಆದರೆ ಜನ ಈಗಲೂ ಕರೆಯುವುದು ಗಡಂಗು ಎಂದೇ. ಅಲ್ಲಿ ನಿಂತುಕೊಂಡೇ ಒಂದು ತೊಂಬತ್ತು. ಅಲ್ಲಿಂದ ಪೇಟೆ ಬೀದಿಯಲ್ಲಿ ನಡೆದು ‘ಮಹಡಿ’. ಮೆಟ್ಟಿಲು ಹತ್ತಿ ಇನ್ನೊಂದು. ಕೊನೆಗೆ ಬಸ್ ಸ್ಟ್ಯಾಂಡಿನ ಹಿಂದಿರುವ ‘ಹಿತ್ತಲು’. ಅಲ್ಲಿ ಮತ್ತೊಂದು. ಮೂರು ಕಡೆಯ ಸಾಕ್ಷಿಗಳೂ ‘ಅವರು ಒಂದೇ ಒಂದು ಹಾಕಿ ಎದ್ದುಹೋದರಪ್ಪ’ ಎಂದೇ ಹೇಳಬೇಕು, ಅದಕ್ಕೆ ಈ ಏರ್ಪಾಟು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ, ನಾವು ಊರೆಲ್ಲ ನಡೆದಾಡಿ ಕುಡಿಯುತ್ತೇವೆ. ಚಲುವಮ್ಮ ಬೇಸಿನ್ ಹೊತ್ತು ನಮ್ಮ ಹಿಂದೆಯೇ ಗಡಂಗಿನಿಂದ ಮಹಡಿಗೆ, ಮಹಡಿಯಿಂದ ಹಿತ್ತಲಿಗೆ ನಡೆಯುತ್ತಾಳೆ. ಹಿತ್ತಲಿನಿಂದ ಎಂಟು ಗಂಟೆಯ ಬಸ್ಸಿಗೆ ಅವಳಿಗೆ ನಾಲ್ಕು ಹೆಜ್ಜೆ.

ಈ ನಡಿಗೆಯಲ್ಲಿ ನನ್ನ ಜೊತೆಗಾರ ಪುಟ್ಟಬಸವಯ್ಯ. ವರಸೆಯಲ್ಲಿ ನನಗೆ ಮಾವನಾಗಬೇಕು. ನಮ್ಮೂರಿನ ಹಾಲಿನ ಡೈರಿಗೆ ಎರಡು ಸಲ ಅಧ್ಯಕ್ಷ, ತೆಂಗಿನಕಾಯಿ ವ್ಯಾಪಾರ, ಊರಲ್ಲಿ ದಾಸೋಹ ನಡೆದರೆ ಮೈಕು ಅವನ ಕೈಯಲ್ಲೇ. “ಕೊರಳಲ್ಲಿ ಲಿಂಗ ಇಲ್ದೋನು ಎಣಕ್ಕೆ ಸಮ,” ಎಂದು ಆ ಮೈಕಿನಲ್ಲಿ ಹೇಳುವವನು. ಅವನ ಮನೆಯಲ್ಲಿ ಹೆಂಡತಿ ರುದ್ರಮ್ಮನದು ಬಲು ಕಟ್ಟುನಿಟ್ಟು. ರಾತ್ರಿ ಲಿಂಗಪೂಜೆ ಆಗದೆ ಆ ಮನೆಯಲ್ಲಿ ಎಲೆ ಹಾಕುವುದಿಲ್ಲ. ಹಾಗಾಗಿ ಪುಟ್ಟಬಸವಯ್ಯ ಲಿಂಗವನ್ನು ಮನೆಯಲ್ಲಿ ಬಿಟ್ಟು ಬರುವಂತಿಲ್ಲ, ಕೊರಳಲ್ಲಿ ಇಟ್ಟುಕೊಂಡು ಗಡಂಗಿನೊಳಗೆ ಕಾಲಿಡಲು ಎದೆ ಒಪ್ಪುವುದಿಲ್ಲ. ಮೊದಮೊದಲು ಲಿಂಗವಿರುವ ಬೆಳ್ಳಿ ಕರಡಿಗೆಯನ್ನು ಕರ್ಚೀಫಿನಲ್ಲಿ ಸುತ್ತಿ ಸ್ಕೂಟರಿನ ಸೀಟಿನ ಕೆಳಗೆ ಇಡುತ್ತಿದ್ದ. ದೇವರ ಮೇಲೆ ಕೂತು ಮನೆಗೆ ಹೋದಂತಾಯಿತಲ್ಲ ಎಂದು ಒಂದು ದಿನ ಯಾರೋ ಅಂದರು. ಮಾರನೆಯ ಸಂಜೆ ಗಡಂಗಿನ ಬಾಗಿಲಲ್ಲಿ ಚಲುವಮ್ಮನ ಮುಂದೆ ಹೋಗಿ ನಿಂತ. “ಇದ ವಸಿ ಕಾಯಿ,” ಎಂದ.

ಇದು ಆರು ವರ್ಷದ ಹಿಂದಿನ ಮಾತು. ಆಮೇಲೆ ನಾನೂ ನನ್ನದನ್ನು ಕೊಡಲು ಶುರು ಮಾಡಿದೆ. ಕಚೇರಿಯಿಂದ ನೇರವಾಗಿ ಹೋಗುವವನು, ನನಗೂ ಅದೇ ತಾಪತ್ರಯ.

ಅವಳನ್ನೇ ಯಾಕೆ ಆರಿಸಿಕೊಂಡೆವು ಎಂಬುದನ್ನು ನಾನು ಆ ಆರು ವರ್ಷದಲ್ಲಿ ಒಂದು ದಿನವೂ ನನ್ನನ್ನು ಕೇಳಿಕೊಂಡಿರಲಿಲ್ಲ. ಈಗ ಹೇಳುತ್ತೇನೆ. ಅವಳು ನಿಯತ್ತಿನವಳು ಎಂದಲ್ಲ. ಅವಳು ಹೇಳಿದರೆ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ ಎಂದು. ಅವಳ ಮಾತಿಗೆ ಬೆಲೆಯಿಲ್ಲ ಎಂಬ ಧೈರ್ಯದ ಮೇಲೆ ನಮ್ಮ ದೇವರನ್ನು ಅವಳ ಕೈಗೆ ಕೊಟ್ಟಿದ್ದೆವು. ಲಿಂಗವಂತನಿಗೆ ಕುಲವಿಲ್ಲ ಎಂದು ಚಿಕ್ಕಂದಿನಿಂದ ಬಾಯಿಪಾಠ ಮಾಡಿ ಬಂದ ನಾವು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಅವಳಾದರೋ ಅದಕ್ಕೆಂದೇ ಸಂತೆಯಲ್ಲಿ ಒಂದು ಹೊಸ ಸ್ಟೀಲ್ ಡಬ್ಬಿ ತಂದಳು. ಒಳಗೆ ಒಗೆದ ಬಿಳಿ ಬಟ್ಟೆ. ಕರಡಿಗೆ ಇಸಿದುಕೊಳ್ಳುವ ಮೊದಲು ಕೈ ತೊಳೆಯುತ್ತಿದ್ದಳು. ಮೊಟ್ಟೆಯ ಬೇಸಿನ್ನಿನ ಹತ್ತಿರಕ್ಕೂ ಅದನ್ನು ತರುತ್ತಿರಲಿಲ್ಲ. ಡಬ್ಬಿಯನ್ನು ಚೀಲದಲ್ಲಿಟ್ಟು ಕೊರಳಿಗೆ ನೇತುಹಾಕಿ ಮೇಲೆ ಸೆರಗು ಹೊದೆಯುತ್ತಿದ್ದಳು, ಮೂರು ಕಡೆ ಸುತ್ತಿ ಮುಗಿಯುವವರೆಗೆ ನೆಲಕ್ಕಿಡುತ್ತಿರಲಿಲ್ಲ. ಹುಚ್ಚಯ್ಯನಿಗೆ ಇದು ಸೇರುತ್ತಿರಲಿಲ್ಲ. “ಅವ್ರ ದೇವ್ರ ಅವ್ರು ಕಾಯ್ಕೊಳ್ಳಿ, ನೀನ್ಯಾಕೆ ಒತ್ಕೊಂಡ್ ತಿರ್ಗ್ತೀಯೆ?” ಎಂದು ಬೈದರೆ, “ನಂಬಿ ಕೊಟ್ಟವ್ರೆ, ಬುಡು,” ಎನ್ನುತ್ತಿದ್ದಳಂತೆ.

ನಂಬಿ ಕೊಟ್ಟವರು. ಹಿತ್ತಲಿನ ಗೇಟಿನಲ್ಲಿ ಕರಡಿಗೆ ವಾಪಸ್ಸು ತೆಗೆದುಕೊಳ್ಳುವಾಗ ಪುಟ್ಟಬಸವಯ್ಯ ಒಂದು ನೀರಿನ ಬಾಟಲಿ ಹಿಡಿದು ಬರುತ್ತಿದ್ದ. ಅವಳ ಎದುರೇ ಮೂರು ಸಲ ಕರಡಿಗೆಯ ಮೇಲೆ ನೀರು ಹೊಯ್ದು, ಒರೆಸಿ, ಆಮೇಲೆ ಕೊರಳಿಗೆ ಹಾಕಿಕೊಳ್ಳುತ್ತಿದ್ದ. ಕುಡಿದ ಬಾಯಿಯನ್ನು ಮುಕ್ಕಳಿಸುತ್ತಿರಲಿಲ್ಲ, ಅವಳು ಮುಟ್ಟಿದ್ದನ್ನು ತೊಳೆಯುತ್ತಿದ್ದ. ನಾನು ತೊಳೆಯುತ್ತಿರಲಿಲ್ಲ. ಅದನ್ನೇ ದೊಡ್ಡಸ್ತಿಕೆ ಎಂದುಕೊಂಡಿದ್ದೆ, ಥೂ.

ಹೋದ ಕಾರ್ತೀಕದ ಒಂದು ಶುಕ್ರವಾರ ಎಲ್ಲ ತಲೆಕೆಳಗಾಯಿತು. ಪುಟ್ಟಬಸವಯ್ಯನ ಮಗಳು ನಯನಳಿಗೆ ಮೂಗೂರಿನ ಅಮೃತೇಶ್ ಎಂಬವರ ಮಗನ ಜೊತೆ ಸಂಬಂಧದ ಮಾತು ನಡೆಯುತ್ತಿತ್ತು. ಅಮೃತೇಶ್ ಅವತ್ತು ರಾತ್ರಿ ಊಟಕ್ಕೆ ಬರುವುದೆಂದು ಆಗಿತ್ತು. ರುದ್ರಮ್ಮ ಬೆಳಗಿನಿಂದ ಒಬ್ಬಟ್ಟಿಗೆ ಕೂತಿದ್ದಳು. ಪುಟ್ಟಬಸವಯ್ಯ ಅವರನ್ನು ಎಂಟಕ್ಕೆ ಊರಿಗೆ ಬರಹೇಳಿದ್ದ, ಅಷ್ಟರೊಳಗೆ ನಮ್ಮ ಮೂರು ಕಡೆಯ ಸುತ್ತು ಮುಗಿಸಿಬಿಡೋಣ ಎಂಬ ಲೆಕ್ಕ. ಆರು ಗಂಟೆಗೆ ಗಡಂಗಿನ ಬಾಗಿಲಲ್ಲಿ ಇಬ್ಬರೂ ಕರಡಿಗೆ ಕೊಟ್ಟು ಒಳಗೆ ಹೋದೆವು. ಒಂದು ಗುಟುಕು ಇಳಿಯುವಷ್ಟರಲ್ಲಿ ಹಿಂದಿನಿಂದ ಯಾರೋ ಭುಜ ತಟ್ಟಿದರು. ಅಮೃತೇಶ್.

“ಏನ್ ಬೀಗ್ರೆ, ನಮ್ನ ಬುಟ್ಟು ಶುರು ಮಾಡ್ಬುಟ್ರಾ?” ಎಂದು ನಕ್ಕರು. ಅವರೂ ಅಭ್ಯಾಸದವರೇ ಎಂದು ಗೊತ್ತಾಗಿ ಪುಟ್ಟಬಸವಯ್ಯನಿಗೆ ಜೀವ ಬಂತು. “ಇಲ್ಲಿ ಬ್ಯಾಡ, ಊಟಿ ರಸ್ತೇಲಿ ತೋಟದ ರೆಸ್ಟೋರೆಂಟ್ ಅದೆ, ಕೂತ್ಕಂಡು ಮಾತಾಡನ, ಕಾರ್ ಅದೆ,” ಎಂದರು. ನಾವು ಹೊರಗೆ ಬಂದಾಗ ಚಲುವಮ್ಮ ಐದಾರು ಜನರ ನಡುವೆ ದಾರ ಎಳೆಯುತ್ತ ನಿಂತಿದ್ದಳು. ಬೀಗರಾಗುವವರ ಎದುರು ಅವಳ ಹತ್ತಿರ ಹೋಗಿ ಲಿಂಗ ಕೇಳುವುದು ಹೇಗೆ? ಪುಟ್ಟಬಸವಯ್ಯ ಮುಖ ತಿರುಗಿಸಿಕೊಂಡು ಕಾರು ಹತ್ತಿದ. ನಾನೂ ಹತ್ತಿದೆ. ಹೇಗೂ ಅವಳು ಎಂಟರ ತನಕ ಹಿತ್ತಲಲ್ಲಿ ಇರುತ್ತಾಳೆ, ಹೋಗುವಾಗ ಏನಾದರೂ ನೆಪ ಹೇಳಿ ಇಳಿದು ಇಸಿದುಕೊಂಡರಾಯಿತು ಎಂದುಕೊಂಡೆವು.

ಚಲುವಮ್ಮ ಮಹಡಿಯ ಮೆಟ್ಟಿಲ ಕೆಳಗೆ ಕಾದಳು. ನಾವಿಲ್ಲ. ಹಿತ್ತಲಿಗೆ ಬಂದು ಕಾದಳು. ಅಲ್ಲೂ ಇಲ್ಲ. ಆಟೋದವನೊಬ್ಬ, “ಅವ್ರು ಕಾರಲ್ಲಿ ತೋಟದ ಕಡೀಕೋದ್ರು,” ಎಂದ. ಗಂಟೆ ಏಳು. ಕರಡಿಗೆ ಕೊಡದೆ ಬಸ್ಸು ಹತ್ತಿದರೆ ಎರಡು ಮನೆಯ ಬೆಳ್ಳಿ, ಎರಡು ಮನೆಯ ದೇವರು ರಾತ್ರಿಯೆಲ್ಲ ಅವಳ ಮನೆಯಲ್ಲಿ. ಬೆಳಗಾಗುವುದರೊಳಗೆ ಅವಳ ಹೆಸರು ಏನಾಗುತ್ತದೆ ಎಂಬುದು ಐವತ್ತೆರಡು ವರ್ಷ ಆ ಊರಲ್ಲಿ ಬದುಕಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಐವತ್ತು ಮೊಟ್ಟೆ ಉಳಿದಿದ್ದ ಬೇಸಿನ್ನನ್ನು ಬಸ್ ಸ್ಟ್ಯಾಂಡಿನ ಹೂವಿನವಳ ಹತ್ತಿರ ಬಿಟ್ಟು, ಲಾರಿಗಳು ಮೈಮೇಲೆ ಬಂದಂತೆ ಓಡುವ ಆ ರಸ್ತೆಯ ಅಂಚಿನಲ್ಲಿ ಒಂದೂವರೆ ಕಿಲೋಮೀಟರು ನಡೆದು ತೋಟಕ್ಕೆ ಬಂದಳು. ಸೆರಗಿನ ಮೇಲೆ ಕೈಯಿಟ್ಟುಕೊಂಡೇ ನಡೆದಳಂತೆ.

ನಾವು ಒಂದು ಹುಲ್ಲಿನ ಚಾವಣಿಯ ಕೆಳಗೆ ಕೂತಿದ್ದೆವು. ಅಮೃತೇಶ್ ತಮ್ಮ ಮನೆತನದ ಆಚಾರ ವಿಚಾರ ಹೇಳುತ್ತಿದ್ದರು, ಪುಟ್ಟಬಸವಯ್ಯ ಹೌದೌದು ಎನ್ನುತ್ತಿದ್ದ. ಆಗ ಚಲುವಮ್ಮ ಬಂದಳು. ಅವಳ ಹಿಂದೆಯೇ ಸೂಪರ್‌ವೈಸರ್ ಓಡಿಬಂದ.

“ಬುದ್ದಿ, ವಸಿ ಆಚೆ ಬನ್ನಿ. ಒಂದ್ ಮಾತದೆ,” ಎಂದಳು, ತೀರಾ ಮೆಲ್ಲಗೆ. ಅವನ ಮಾನ ಉಳಿಯಲಿ ಎಂದು ಅಷ್ಟು ಮೆಲ್ಲಗೆ.

ಪುಟ್ಟಬಸವಯ್ಯ ಲೋಟ ನೋಡುತ್ತ, “ಯಾರಮ್ಮ ನೀನು?” ಎಂದ.

ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು. “ಎಂಟ್ ಗಂಟೆಗೆ ಬಸ್ಸು ಬುದ್ದಿ. ನಿಮ್ ಪದಾರ್ಥ ಕೊಟ್ಬುಟ್ಟು ಓಯ್ತೀನಿ.”

“ಏನ್ ಪದಾರ್ಥ?” ಎಂದರು ಅಮೃತೇಶ್.

ಸೂಪರ್‌ವೈಸರ್ ಅವಳು ಮೊಟ್ಟೆ ಮಾರಲು ಬಂದಿದ್ದಾಳೆ ಎಂದುಕೊಂಡ. “ಆಚೆ ತಿಂಡಿ ಇಲ್ಲಿ ತರಂಗಿಲ್ಲ,” ಎಂದು ಅವಳ ಚೀಲಕ್ಕೆ ಕೈ ಹಾಕಿ ಡಬ್ಬಿ ಎಳೆದ. ಮುಚ್ಚಳ ಬಿಚ್ಚಿಕೊಂಡಿತು. ಒಳಗೆ ಬಿಳಿ ಬಟ್ಟೆಯ ಮೇಲೆ ಎರಡು ಬೆಳ್ಳಿ ಕರಡಿಗೆ. ಅವಳು ತಟ್ಟನೆ ಎರಡೂ ಕೈಯಲ್ಲಿ ಡಬ್ಬಿ ಹಿಡಿದುಕೊಂಡಳು, ಬೀಳಲು ಬಿಡಲಿಲ್ಲ.

ಅಮೃತೇಶ್ ಎದ್ದು ನಿಂತರು. “ಲಿಂಗ. ಇವ್ಳ ಕೈಲಿ ಲಿಂಗ ಯಾಕದೆ? ಒಂದಲ್ಲ, ಎರಡು. ಯಾರ್ ಮನೇಲಮ್ಮ ಕದ್ದದ್ದು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎಂಬ ಗಾದೆಯನ್ನು ನಾನು ಅವತ್ತು ಕಣ್ಣಾರೆ ಕಂಡೆ. ಪುಟ್ಟಬಸವಯ್ಯನ ಕೈ ಎದೆಗೆ ಹೋಯಿತು. ನನ್ನ ಕೈ ಅಂಗಿಯ ಕಾಲರಿಗೆ.

“ಕದ್ದಿಲ್ಲ ಸಾ. ಅವ್ರನ್ನೇ ಕೇಳಿ,” ಎಂದಳು ಚಲುವಮ್ಮ.

“ನಂದು ಮನೇಲಿ ಪೂಜೆಗ್ ಮಡಗಿ ಬಂದಿವ್ನಿ,” ಎಂದ ಪುಟ್ಟಬಸವಯ್ಯ. “ಇದು ನಂದಲ್ಲ.”

ಅವಳು ನನ್ನ ಕಡೆ ತಿರುಗಿದಳು. “ನೀವಾರೂ ಒಂದ್ ಮಾತ್ ಏಳಿ ಸಾ.”

ದಿನಕ್ಕೆ ಇಪ್ಪತ್ತು ಸಲ ಸತ್ಯವೆಂದು ಪ್ರಮಾಣ ಬರೆಯುವವನು ನಾನು. “ನಂಗೊತ್ತಿಲ್ಲ,” ಎಂದೆ. ಹಾಗೆಂದು ಕಡಲೆಬೀಜದ ತಟ್ಟೆಯಲ್ಲಿ ಏನನ್ನೋ ಹುಡುಕಿದೆ. ಮಾವನ ಮಗಳ ಸಂಬಂಧ ಕೆಡಬಾರದು ಎಂದು ಹಾಗಂದೆ ಅಂತ ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ನನ್ನದೂ ಆ ಡಬ್ಬಿಯಲ್ಲಿತ್ತು, ಅದಕ್ಕೆ ಹಾಗಂದೆ.

“ಕಳ್ಳಿ,” ಎಂದರು ಅಮೃತೇಶ್. “ಪೊಲೀಸ್ರಿಗೆ ಫೋನ್ ಮಾಡಿ.”

“ಬುಡಿ ಬೀಗ್ರೆ, ಯಾಕೆ ರಂಪ,” ಎಂದ ಪುಟ್ಟಬಸವಯ್ಯ.

“ಲಿಂಗನಾದ್ರೂ ಇಲ್ಲಿ ಇಟ್ಟು ಓಗ್ಲಿ. ಇಂತೋರ ಕೈಲಿ ಇರಬಾರ್ದು.”

ಚಲುವಮ್ಮ ಮುಚ್ಚಳ ಹಾಕಿದಳು. ಡಬ್ಬಿಯನ್ನು ಚೀಲಕ್ಕೆ ಸೇರಿಸಿದಳು. “ನಿಮ್ದಲ್ಲ ಅಂದ್ಮೇಲೆ ನಿಮ್ಗ್ಯಾಕೆ ಕೊಡ್ಲಿ? ಯಾರ್ದೋ ಅವ್ರ ಮನೆ ಬಾಗ್ಲಿಗೇ ಓಗಿ ಕೊಡ್ತೀನಿ.” ತಿರುಗಿ ನೋಡದೆ ಹೋದಳು.

ಆ ಮಾತು ಪುಟ್ಟಬಸವಯ್ಯನ ತಲೆಗೆ ಇಳಿಯಲು ಅರ್ಧ ನಿಮಿಷ ಹಿಡಿಯಿತು. ಮನೆ ಬಾಗಿಲು ಎಂದರೆ ಅವನ ಮನೆ ಬಾಗಿಲು, ರುದ್ರಮ್ಮ ಇರುವ ಬಾಗಿಲು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಒದ್ದಾಡಿದ. ಕೈ ತೊಳೆಯುವ ನೆಪದಲ್ಲಿ ನನ್ನನ್ನು ಆಚೆ ಕರೆದು, “ಓಗ್ಲಾ ಮಲ್ಲಿ, ಏನಾರ ಮಾಡಿ ಈಸ್ಕೊಂಡ್ ಬಾ. ನಾನ್ ಇವ್ರ್ನ ಅಣ್ಣು ತಕೊಳ್ಳಾ ನೆಪದಲ್ಲಿ ತಡ ಮಾಡ್ತೀನಿ,” ಎಂದ. ನಾನು ಹೋದೆ. ಪಶ್ಚಾತ್ತಾಪದಿಂದ ಅವಳ ಹಿಂದೆ ಓಡಿದೆ ಎಂದು ಬರೆದುಕೊಳ್ಳಬಹುದಿತ್ತು. ಓಡಿದ್ದು ಮಾವನ ಕೆಲಸಕ್ಕೆ.

ಬಸ್ ಸ್ಟ್ಯಾಂಡಿನಲ್ಲಿ, ಹೂವಿನವಳಿಂದ ಬೇಸಿನ್ ಇಸಿದುಕೊಳ್ಳುವಾಗ ಸಿಕ್ಕಳು. “ಚಲುವಮ್ಮ, ಕೊಡು ಇಲ್ಲಿ, ನಾನು ಮಾವನಿಗೆ ಮುಟ್ಟಿಸ್ತೀನಿ. ನಂದೂ ಕೊಡು,” ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಲ್ಲಿ ಗೊತ್ತಿಲ್ಲ ಅಂದ್ರಿ. ಇಲ್ಲಿ ಎಂಗ್ ನಿಮ್ದಾಯ್ತು ಸಾ?”

“ಅವ್ರು ಬೀಗರು ಎದುರಿಗಿದ್ದರು...”

“ನಾನೂ ಎದುರ್ಗಿದ್ದೆ.”

ಬಸ್ಸು ಬಂತು. ಅವಳು ಹತ್ತಿದಳು, ನಾನೂ ಹತ್ತಿದೆ. ಮುಕ್ಕಾಲು ಗಂಟೆಯ ದಾರಿ. ಬೇಸಿನ್ ಕಾಲ ಬಳಿ, ಡಬ್ಬಿ ತೊಡೆಯ ಮೇಲೆ. ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಮಾತಾಡಿದಳು. ಹೇಗೆ ಕಾದೆ, ಹೇಗೆ ನಡೆದು ಬಂದೆ, ಎಲ್ಲ ಹೇಳಿದಳು. “ಕಳ್ಳಿ ಅಂತ ಇನ್ನೊಬ್ರು ಅಂದದ್ದು ಓಗ್ಲಿ. ಅವ್ರಿಗೆ ನನ್ ಗುರ್ತಿಲ್ಲ. ಆರ್ ವರ್ಸ ಕೊಟ್ಟು ಈಸ್ಕಂಡೋರು ಯಾರಮ್ಮ ನೀನು ಅಂದ್ರಲ್ಲ,” ಎಂದಳು. ನಾನು ಕಂಡಕ್ಟರನಿಂದ ಚಿಲ್ಲರೆ ಇಸಿದುಕೊಳ್ಳುವುದರಲ್ಲಿ ತುಂಬ ಮಗ್ನನಾಗಿದ್ದೆ. ಕೊಡ್ತಾ ಇಲ್ಲ ಎಂದು ಮಾವನಿಗೆ ಮೆಸೇಜು ಹಾಕಿದೆ.

ಊರಲ್ಲಿ ಇಳಿದವಳು ತನ್ನ ಬೀದಿಗೆ ತಿರುಗಲಿಲ್ಲ. ಚರಂಡಿ ದಾಟಿ ನೇರ ನಮ್ಮ ಬೀದಿಗೆ ನಡೆದಳು. ಎಲ್ಲ ಬಾಗಿಲಲ್ಲೂ ಕಾರ್ತೀಕದ ದೀಪ, ಜಗಲಿಗಳ ಮೇಲೆ ಜನ. ಪುಟ್ಟಬಸವಯ್ಯನ ಮನೆಯ ಮುಂದೆ ನಿಂತು ಕೂಗಿದಳು. “ಅವ್ವಾರೇ.”

ರುದ್ರಮ್ಮ ಹೊರಗೆ ಬಂದಳು. ಹಿಂದೆ ಹೊಸ ಸೀರೆ ಉಟ್ಟ ನಯನ. “ಏನಮ್ಮಿ ಚಲುವಿ, ಈ ಒತ್ನಲ್ಲಿ? ನೆಂಟ್ರು ಬರೋ ಒತ್ತು.”

ಚಲುವಮ್ಮ ಡಬ್ಬಿ ಬಿಚ್ಚಿ ಒಂದು ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದಳು. “ಇದು ಯಾರ್ದು ನೋಡಿ ಅವ್ವಾರೇ.”

ರುದ್ರಮ್ಮನಿಗೆ ಕರಡಿಗೆ ನೋಡುವ ಅಗತ್ಯವೇ ಇರಲಿಲ್ಲ. ಅದರ ಶಿವದಾರ ಅವಳು ಕೈಯಾರೆ ಹೊಸೆದದ್ದು. ಮುಖ ಬಿಳಿಚಿಕೊಂಡಿತು. “ಅಲ್ಲೇ ಜಗಲಿ ಮೇಲ್ ಮಡಗು. ನಯನ, ಒಂದ್ ಚೆಂಬು ನೀರ್ ತಾ,” ಎಂದಳು.

“ಲಿಂಗನ ಕಂಡಕಂಡಲ್ಲಿ ಇಕ್ಕಬಾರ್ದು ಅಂತ ನಿಮ್ಮೋರೇ ಏಳಾದು,” ಎಂದಳು ಚಲುವಮ್ಮ. “ಆರ್ ವರ್ಸದಿಂದ ನಾನು ಇಕ್ಕಿಲ್ಲ. ಕೈ ಒಡ್ಡಿ, ಕೊಡ್ತೀನಿ.”

ಆರು ವರ್ಷ ಎಂಬ ಮಾತು ಕೇಳಿ ಅಕ್ಕಪಕ್ಕದ ಜಗಲಿಯವರು ಎದ್ದು ಬಂದರು. ಅಷ್ಟರಲ್ಲಿ ಕಾರು ಬಂತು. ಬಾಳೆಹಣ್ಣಿನ ಚಿಪ್ಪು ಹಿಡಿದು ಇಳಿದ ಅಮೃತೇಶ್, “ಆ ಕಳ್ಳಿ ಇಲ್ಲೂ ಬಂದವ್ಳಲ್ಲ,” ಎಂದರು.

“ನಿಮ್ ಲಿಂಗ ಎಲ್ಲಿ?” ಎಂದು ರುದ್ರಮ್ಮ ಗಂಡನನ್ನು ಕೇಳಿದಳು.

“ದೇವ್ರ ಮನೇಲಿ...”

“ಈಗ ತಾನೇ ಅಲ್ಲಿ ದೀಪ ಅಚ್ಚಿ ಬಂದೆ. ಇಲ್ಲ.”

ಪುಟ್ಟಬಸವಯ್ಯ ಜನರನ್ನು ನೋಡಿದ, ಬೀಗರನ್ನು ನೋಡಿದ. ಆಮೇಲೆ ಅವನ ಬಾಯಿಂದ ಬಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಕಾದ ಸೀಸದ ಹಾಗೆ ಕೂತಿದೆ. “ಅಂಗಾರೆ ಇವ್ಳೇ ಒಡ್ಕಂಡ್ ಓಗಿರಬೇಕು. ಮನೆ ಮುಂದೆ ತಿರುಗಾಡ್ತಿದ್ಲು, ನಾನೇ ನೋಡಿವ್ನಿ,” ಎಂದ.

ತೋಟದಲ್ಲಿ ನನ್ನದಲ್ಲ ಎಂದವನು, ಈಗ ನನ್ನದೇ, ಕದ್ದಿದ್ದಾಳೆ ಎಂದ. ಜನ ಗುಜುಗುಜು ಎಂದರು. ಒಬ್ಬ ಮುದುಕ ಕೋಲು ಊರಿಕೊಂಡು ಅವಳ ಹತ್ತಿರಕ್ಕೆ ಬಂದ. ಇನ್ನೆರಡು ನಿಮಿಷ ಕಳೆದಿದ್ದರೆ ಆ ಬೀದಿಯಲ್ಲಿ ಅವಳ ಮೈಮೇಲೆ ಕೈ ಬೀಳುತ್ತಿತ್ತು. ಕೋಮಲಳ ಕೆಲಸ, ಹುಚ್ಚಯ್ಯನ ಕೆಲಸ, ಎಲ್ಲದರ ಮೇಲೆ ಕಳ್ಳಿಯ ಮನೆ ಎಂದು ಬರೆದುಬಿಡುತ್ತಿದ್ದರು.

ಚಲುವಮ್ಮ ಎರಡನೆಯ ಕರಡಿಗೆಯನ್ನೂ ತೆಗೆದಳು. “ಇನ್ನೊಂದದೆ. ನಾನ್ ಇದನ್ನೂ ಕದ್ದಿವ್ನಾ ಕೇಳಿ. ಇದ್ರ ಯಜಮಾನ್ರು ಇಲ್ಲೇ ನಿಂತವ್ರೆ.”

ಅವಳು ನನ್ನ ಹೆಸರು ಹೇಳಲಿಲ್ಲ, ಬೆರಳೂ ತೋರಿಸಲಿಲ್ಲ. ಆದರೆ ಅವಳ ಜೊತೆ ಬಸ್ಸಿನಿಂದ ಇಳಿದವನು ನಾನೊಬ್ಬನೇ. ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು.

“ನಂದು,” ಎಂದೆ.

“ಕೇಳಿಸ್ನಿಲ್ಲ,” ಎಂದಳು.

“ನಂದು. ನಾನೇ ಕೊಟ್ಟಿದ್ದೆ. ಕುಡಿಯೋಕೆ ಹೋಗುವಾಗ ದಿನಾ ಅವಳ ಕೈಗೆ ಕೊಡ್ತೀವಿ. ಮಾವನೂ ಕೊಡ್ತಾನೆ. ಇವತ್ತೂ ಕೊಟ್ಟ.”

ಇದನ್ನು ಧೈರ್ಯ ಎಂದು ಯಾರೂ ತಿಳಿಯಬೇಡಿ. ಓಡಿಹೋಗಲು ಒಂದು ಸಂದು ಇದ್ದಿದ್ದರೆ ಓಡುತ್ತಿದ್ದೆ. ರುದ್ರಮ್ಮ ಜಗಲಿಯಿಂದ ಇಳಿದು ಬಂದಳು, ಚೆಂಬು ಹಿಡಿದು ನಿಂತಿದ್ದ ಮಗಳನ್ನು ಪಕ್ಕಕ್ಕೆ ಸರಿಸಿ ಎರಡೂ ಕೈ ಒಡ್ಡಿದಳು. ಅವಳ ಕಣ್ಣಲ್ಲಿ ಚಲುವಮ್ಮನ ಮೇಲೆ ಪ್ರೀತಿ ಇರಲಿಲ್ಲ, ಗಂಡನ ಮೇಲೆ ಬೆಂಕಿಯಿತ್ತು. ಚಲುವಮ್ಮ ಕರಡಿಗೆಯನ್ನು ಆ ಕೈಗಳಲ್ಲಿಟ್ಟಳು. ನನ್ನದನ್ನು ನನಗೆ ಕೊಟ್ಟಳು. ಖಾಲಿ ಡಬ್ಬಿಯ ಮುಚ್ಚಳ ಒತ್ತಿ ಚೀಲಕ್ಕೆ ಹಾಕಿಕೊಂಡು, ಇಷ್ಟು ವರ್ಷ ಬುದ್ದಿ ಎಂದು ಕರೆದವನನ್ನು ಮೊದಲ ಸಲ ಹೆಸರು ಹಿಡಿದು ಕೂಗಿದಳು.

“ಪುಟ್ಟಬಸವಯ್ಯ, ಕುಡ್ಯಾದು ಬುಡಾದು ನಿನ್ನಿಷ್ಟ. ನಾಳಿಂದ ನಿನ್ ದೇವ್ರ ನೀನೇ ಕಾಯ್ಕೋ.”

ಅವಳು ಬೇಸಿನ್ ಎತ್ತಿ ಸೊಂಟಕ್ಕಿಟ್ಟುಕೊಂಡು ಹೋದಳು.

ಆಮೇಲಿನದು ಕೇಳಿದರೆ ಇನ್ನೂ ಮೈ ಉರಿಯುತ್ತದೆ. ವಾರ ಕಳೆಯುವುದರೊಳಗೆ ಬೀಗರು ಬೀಗರು ಒಂದಾದರು, ನಯನಳ ಲಗ್ನ ನಿಶ್ಚಯವಾಯಿತು. ಅಮೃತೇಶರ ಸ್ವಂತ ಕರಡಿಗೆ ಆ ರಾತ್ರಿ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಇತ್ತು ಎಂದು ಡ್ರೈವರ್ ಹೇಳಿದ್ದು ನಾಲ್ಕು ಜನಕ್ಕೆ ಗೊತ್ತು, ನಾಲ್ವರೂ ಬಾಯಿ ಮುಚ್ಚಿಕೊಂಡಿದ್ದಾರೆ. ಊರಲ್ಲಿ ಹಿರಿಯರು ಸೇರಿ ಮಾತಾಡಿದ್ದು ಪುಟ್ಟಬಸವಯ್ಯನ ಸುಳ್ಳಿನ ಬಗ್ಗೆ ಅಲ್ಲ. ಅವಳು ಅವನನ್ನು ನೀನು ಎಂದದ್ದರ ಬಗ್ಗೆ. ತಪ್ಪಾಯಿತು ಅನ್ನಿಸು ಎಂದು ಹುಚ್ಚಯ್ಯನಿಗೆ ಹೇಳಿ ಕಳಿಸಿದರು. “ಯಾರ್ ಯಾರಿಗೆ ಅನ್ಬೇಕು ಅಂತ ಬರ್ದು ಕಳ್ಸಿ, ಓದ್ತೀನಿ,” ಎಂದು ಅವನು ಹೇಳಿ ಕಳಿಸಿದ. ಯಾರೂ ಬರೆಯಲಿಲ್ಲ. ಬರೆಯಬೇಕಿದ್ದರೆ ನನ್ನ ಹತ್ತಿರವೇ ಬರಬೇಕಿತ್ತು.

ಚಲುವಮ್ಮ ಮೂರು ದಿನ ನಂಜನಗೂಡಿಗೆ ಬರಲಿಲ್ಲ. ನಾಲ್ಕನೆಯ ದಿನ ಗಡಂಗಿನ ಬಾಗಿಲಲ್ಲಿ ಬೇಸಿನ್ ಇಟ್ಟುಕೊಂಡು ನಿಂತಿದ್ದಳು. ನಾನು ಹೋದೆ. ಹತ್ತು ಜನರ ನಡುವೆ ನಿಂತು, “ತಪ್ಪಾಯ್ತು ಚಲುವಮ್ಮ,” ಎಂದೆ. “ಎಷ್ಟು?” ಎಂದು ಕೇಳಿದಳು.

“ಒಂದು.”

ದಾರ ಎಳೆದು ಮೊಟ್ಟೆ ಎರಡು ಹೋಳು ಮಾಡಿದಳು. ಉಪ್ಪು ಮೆಣಸು ಉದುರಿಸಿ, ಕಾಗದದ ಮೇಲಿಟ್ಟು, ನನ್ನ ಚಾಚಿದ ಕೈಯನ್ನು ದಾಟಿಸಿ ಪಕ್ಕದ ಚರಂಡಿ ಕಲ್ಲಿನ ಮೇಲೆ ಇಟ್ಟಳು.

“ಅಲ್ಲಿ ಅದೆ, ತಕೊಳಿ,” ಎಂದಳು. ನನ್ನ ಪಕ್ಕದವನದನ್ನು ಅವನ ಕೈಗೇ ಕೊಟ್ಟಳು. ನಾನು ಬಗ್ಗಿ ಎತ್ತಿಕೊಂಡೆ.